ಅಕ್ಕನ ಮಗಳ ಗಂಡನಿಗೆ ಬರೆದ ಕಾಗದಗಳು

1946ರಲ್ಲಿ ಅಮೆರಿಕದಲ್ಲಿ ‘ಮಾರ್ಕ್ ಟ್ವೇನ್, ಬಿಸಿನೆಸ್ ಮ್ಯಾನ್’ ಎಂಬ ಪುಸ್ತಕ ಹೊರಬಂತು. ಸಂಪಾದಿಸಿದವನು ಸ್ಯಾಮ್ಯುಯೆಲ್ ಚಾರ್ಲ್ಸ್ ವೆಬ್‌ಸ್ಟರ್. ಅವನ ಕೈಯಲ್ಲಿದ್ದದ್ದು ಮನೆಯಲ್ಲಿ ಕಾಪಾಡಿಕೊಂಡು ಬಂದ ಕಾಗದಗಳ ರಾಶಿ. ಮನಸ್ಸಿನಲ್ಲಿದ್ದದ್ದು ತೀರಿಹೋದ ತಂದೆಯ ಮೇಲೆ ಹೊರಿಸಿದ್ದ ಅಪವಾದ. ತಂದೆ ಚಾರ್ಲ್ಸ್ ಎಲ್. ವೆಬ್‌ಸ್ಟರ್ ಒಂದು ಕಾಲದಲ್ಲಿ ಮಾರ್ಕ್ ಟ್ವೇನನ ಪ್ರಕಾಶಕ. ಟ್ವೇನನ ಅಕ್ಕ ಪಮೇಲಾಳ ಮಗಳು ಆನಿಯನ್ನು ಮದುವೆಯಾಗಿದ್ದವನು. 1891ರಲ್ಲಿ, ನಲವತ್ತು ತುಂಬುವ ಮೊದಲೇ ಸತ್ತ.

ಆತ ಸತ್ತು 15 ವರ್ಷಗಳ ಮೇಲೆ, 1906ರಲ್ಲಿ, ಎಪ್ಪತ್ತು ದಾಟಿದ್ದ ಟ್ವೇನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತು ಆತ್ಮಕಥೆಯನ್ನು ಹೇಳಿ ಬರೆಸುತ್ತಿದ್ದ. ಪ್ರಕಾಶನದ ದಿನಗಳು ನೆನಪಾದಾಗ ಕೋಪ ಕೆರಳಿತು. ಹಣ ಹೋದದ್ದಕ್ಕೆ, ಸಂಸ್ಥೆ ಮುಳುಗಿದ್ದಕ್ಕೆ, ತಾನು ದಿವಾಳಿಯಾದದ್ದಕ್ಕೆ ವೆಬ್‌ಸ್ಟರ್‌ನೇ ಕಾರಣ ಎಂಬಂತೆ ಮಾತಾಡಿದ. ಟ್ವೇನ್ ಬಯ್ದರೆ ಅದು ಬರಿಯ ಬೈಗುಳವಾಗಿ ಉಳಿಯುತ್ತಿರಲಿಲ್ಲ. ಜಗತ್ತೇ ಓದಿ ನಗುವಂಥ ಗದ್ಯವಾಗಿಬಿಡುತ್ತಿತ್ತು. ಸತ್ತವನಿಗೆ ಅಂಥ ಲೇಖನಿ ಇರಲಿಲ್ಲ. ಇದ್ದದ್ದು ಟ್ವೇನನೇ ಅವನಿಗೆ ಬರೆದಿದ್ದ, ದಿನಾಂಕ ಹಾಕಿ ಸಹಿ ಮಾಡಿದ್ದ ಕಾಗದಗಳು. ಮಗ ಅವನ್ನು ಒಂದರ ನಂತರ ಒಂದರಂತೆ ಜೋಡಿಸಿ ಓದುಗರ ಮುಂದಿಟ್ಟ.

ಮಗ ತಂದೆಯ ಪರ ವಕಾಲತ್ತು ವಹಿಸಿದ್ದಾನೆ, ಸರಿ. ಆದರೂ ಆ ಕಾಗದಗಳನ್ನೂ, ಟ್ವೇನ್ ಇತರ ಪ್ರಕಾಶಕರಿಗೆ ಬರೆದವುಗಳನ್ನೂ ಕಾಲಕ್ರಮದಲ್ಲಿ ಓದುತ್ತ ಹೋದರೆ ನನಗೆ ವೃದ್ಧ ಟ್ವೇನನ ನೆನಪಿಗಿಂತ ಯುವಕ ಟ್ವೇನನ ಕಾಗದಗಳೇ ನಂಬಿಕೆಗೆ ಅರ್ಹ ಅನ್ನಿಸುತ್ತದೆ. ನೆನಪು ತನಗೆ ಬೇಕಾದ ಕಥೆ ಕಟ್ಟಿಕೊಳ್ಳುತ್ತದೆ. ‘ನಾಳೆಯೊಳಗೆ ಉತ್ತರ ಕೊಡು’ ಎಂದು ಅವಸರದಲ್ಲಿ ಬರೆದ ಕಾಗದಕ್ಕೆ ಆ ಪುರಸೊತ್ತು ಇರುವುದಿಲ್ಲ.

ಹಾರ್ಟ್‌ಫರ್ಡಿನ ಪ್ರಕಾಶಕ

ಕಥೆ ಶುರುವಾಗುವುದು ವೆಬ್‌ಸ್ಟರ್‌ಗಿಂತ ಬಹಳ ಮೊದಲು. 1867ರ ನವೆಂಬರಿನಲ್ಲಿ ಟ್ವೇನ್ ಯುರೋಪ್ ಮತ್ತು ಪವಿತ್ರ ಭೂಮಿಯ ಹಡಗುಯಾತ್ರೆ ಮುಗಿಸಿ ಬಂದಿದ್ದ. ಸ್ಯಾನ್ ಫ್ರಾನ್ಸಿಸ್ಕೊದ ‘ಆಲ್ಟಾ ಕ್ಯಾಲಿಫೋರ್ನಿಯಾ’ ಪತ್ರಿಕೆಗೆ ಅವನು ಕಳಿಸಿದ್ದ ಪ್ರವಾಸದ ಬರಹಗಳು ಜನರ ಬಾಯಲ್ಲಿದ್ದವು. ನವೆಂಬರ್ 21ರಂದು ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನಿಂದ ಅಮೆರಿಕನ್ ಪಬ್ಲಿಷಿಂಗ್ ಕಂಪನಿಯ ಎಲೈಷಾ ಬ್ಲಿಸ್ ಎಂಬಾತ ಅವನಿಗೆ ಕಾಗದ ಬರೆದ: ನಮಗೊಂದು ಪುಸ್ತಕ ಬರೆದುಕೊಡುತ್ತೀರಾ?

ಡಿಸೆಂಬರ್ 2ರಂದು ವಾಷಿಂಗ್ಟನ್‌ನಿಂದ ಟ್ವೇನ್ ಕೊಟ್ಟ ಉತ್ತರ ಉಳಿದಿದೆ. ಪುಸ್ತಕ ಎಷ್ಟು ದಪ್ಪ ಇರಬೇಕು, ಯಾವಾಗ ಬೇಕು, ಚಿತ್ರಗಳಿರುತ್ತವೆಯೇ ಎಂದೆಲ್ಲ ಕೇಳಿ, ಕೊನೆಗೆ ತನಗೆ ಎಷ್ಟು ಹಣ ಸಿಗಬಹುದು ಎಂದು ವಿಚಾರಿಸುತ್ತಾನೆ. ಈ ಕೊನೆಯ ಪ್ರಶ್ನೆಯೇ ತನಗೆ ಎಲ್ಲಕ್ಕಿಂತ ಮುಖ್ಯ ಎಂದು ಬಿಚ್ಚಿ ಹೇಳುತ್ತಾನೆ. ಆಗ ಅವನಿಗೆ 32 ವರ್ಷ. ಅಚ್ಚುಮೊಳೆ ಜೋಡಿಸುವ ಹುಡುಗನಾಗಿ ಮುದ್ರಣಾಲಯದಲ್ಲಿ ಬೆಳೆದವನು, ಮಿಸಿಸಿಪ್ಪಿ ನದಿಯಲ್ಲಿ ಹಡಗು ನಡೆಸಿದವನು, ನೆವಾಡಾದಲ್ಲಿ ಬೆಳ್ಳಿ ಗಣಿಯ ಆಸೆಗೆ ಬಿದ್ದು ಬರಿಗೈಯಾದವನು. ಬರವಣಿಗೆಯಿಂದ ಬದುಕಬೇಕು, ಚೆನ್ನಾಗಿಯೇ ಬದುಕಬೇಕು ಎಂಬುದು ಅವನ ಹಟ. ಆ ಹಟವನ್ನು ಮುಚ್ಚಿಟ್ಟುಕೊಳ್ಳದಿದ್ದದ್ದು ನನಗೆ ಇಷ್ಟವಾಗುತ್ತದೆ.

ಬ್ಲಿಸ್ ನಡೆಸುತ್ತಿದ್ದ ವ್ಯಾಪಾರದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟ್ವೇನನ ಪುಸ್ತಕಗಳು ದಪ್ಪ ಯಾಕೆ, ಅಷ್ಟೊಂದು ಚಿತ್ರಗಳು ಯಾಕೆ ಎಂಬುದಕ್ಕೆ ಉತ್ತರ ಅಲ್ಲಿದೆ. ಆಗ ಅಮೆರಿಕದ ಬಹುಪಾಲು ಜನರು ಹಳ್ಳಿಗಳಲ್ಲಿ, ಹೊಲಮನೆಗಳಲ್ಲಿ ಇದ್ದರು. ಪುಸ್ತಕದಂಗಡಿ ಅವರಿಗೆ ದೂರ. ಕಂಪನಿಯ ಏಜೆಂಟರು ಊರೂರು ತಿರುಗಿ ಬಾಗಿಲು ತಟ್ಟುತ್ತಿದ್ದರು. ಅವರಲ್ಲಿ ಅಂತರ್ಯುದ್ಧದಿಂದ ಮರಳಿದ ಸೈನಿಕರಿದ್ದರು, ಶಾಲಾ ಮೇಷ್ಟರುಗಳಿದ್ದರು, ಸಂಸಾರ ಸಾಗಿಸಬೇಕಾಗಿದ್ದ ಹೆಂಗಸರಿದ್ದರು. ಕೈಯಲ್ಲಿ ಮಾದರಿ ಪುಸ್ತಕ: ಆಯ್ದ ಕೆಲವು ಪುಟಗಳು, ಚಿತ್ರಗಳು, ಬಟ್ಟೆಯ ರಟ್ಟು ಬೇಕೆ ಚರ್ಮದ ರಟ್ಟು ಬೇಕೆ ಎಂದು ತೋರಿಸಲು ತುಂಡುಗಳು, ಹಿಂದೆ ಖಾಲಿ ಹಾಳೆಗಳು. ಬೇಕೆಂದವರು ಆ ಹಾಳೆಯಲ್ಲಿ ಹೆಸರು ಬರೆಯಬೇಕು. ಸಾಕಷ್ಟು ಹೆಸರು ಸೇರಿದ ಮೇಲೆ ಪುಸ್ತಕ ಮನೆಗೆ ಬರುತ್ತಿತ್ತು. ಕೊಟ್ಟ ಹಣಕ್ಕೆ ತಕ್ಕ ಗಾತ್ರ ಕಾಣಬೇಕು. ಸಣ್ಣ ಪುಸ್ತಕ ಈ ವ್ಯಾಪಾರದಲ್ಲಿ ಓಡುತ್ತಿರಲಿಲ್ಲ. 1869ರ ಜುಲೈಯಲ್ಲಿ ಹೊರಬಂದ ‘ದಿ ಇನೊಸೆಂಟ್ಸ್ ಅಬ್ರಾಡ್’ 651 ಪುಟ, 234 ಚಿತ್ರ.

ಬಾಸ್ಟನ್ನಿನ ಸಾಹಿತ್ಯವಲಯ ಇಂಥ ಪುಸ್ತಕಗಳನ್ನು ಕೀಳಾಗಿ ನೋಡುತ್ತಿತ್ತು. ಟ್ವೇನ್ ಲೆಕ್ಕ ಹಾಕಿದ್ದು ಬೇರೆ: ಅಂಗಡಿಗೆ ಕಾಲಿಡದ ಓದುಗರೇ ಹೆಚ್ಚು, ಅವರ ಮನೆ ಬಾಗಿಲಿಗೆ ಹೋಗುವ ಪ್ರಕಾಶಕನೇ ಬೇಕು. ಹಾಗಾಗಿ 5 ಶೇಕಡ ರಾಯಲ್ಟಿಗೆ ಒಪ್ಪಿದ. ನಡುವೆ ‘ಆಲ್ಟಾ’ ಪತ್ರಿಕೆಯವರು ಆ ಬರಹಗಳ ಹಕ್ಕು ನಮ್ಮದು, ಪುಸ್ತಕ ನಾವೇ ಮಾಡುತ್ತೇವೆ ಅಂದಾಗ, ಖುದ್ದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ಒಪ್ಪಿಸಿ ಬಂದ. ಬ್ಲಿಸ್ ಪ್ರಕಟಣೆಯನ್ನು ಮುಂದೂಡುತ್ತ ಹೋದಾಗ 1869ರ ಜುಲೈ ಕೊನೆಯಲ್ಲಿ ಬರೆದ ಕಾಗದ ಚುಚ್ಚುಮಾತಿನ ಸರಮಾಲೆ. ಬ್ಲಿಸ್ ವಿವರಣೆ ಕೊಟ್ಟ ಕೂಡಲೇ ತಾನು ಹಾಗೆ ಬರೆಯಬಾರದಿತ್ತು ಎಂದು ಮುಂದಿನ ಕಾಗದದಲ್ಲಿ ಕ್ಷಮೆ ಕೇಳಿದ. ಕೋಪ, ಪಶ್ಚಾತ್ತಾಪ, ಮತ್ತೆ ಕೋಪ: ಮುಂದಿನ 25 ವರ್ಷ ಪ್ರಕಾಶಕರಿಗೆ ಅವನು ಬರೆದ ಕಾಗದಗಳೆಲ್ಲ ಇದೇ ದಾರಿಯಲ್ಲಿ ನಡೆದವು. ಪುಸ್ತಕ ಮೊದಲ ವರ್ಷದಲ್ಲೇ ಸುಮಾರು 70 ಸಾವಿರ ಪ್ರತಿ ಮಾರಾಟವಾಯಿತು.

ಈ ಕಾಲದ ಒಂದು ವಿಚಿತ್ರ ಯೋಜನೆಯೂ ಬ್ಲಿಸ್ ಕಾಗದಗಳಲ್ಲಿದೆ. ದಕ್ಷಿಣ ಆಫ್ರಿಕದಲ್ಲಿ ವಜ್ರ ಸಿಕ್ಕ ಸುದ್ದಿ ಬಂದಾಗ, 1870ರ ಕೊನೆಯಲ್ಲಿ, ಟ್ವೇನ್ ತನ್ನ ಪತ್ರಕರ್ತ ಗೆಳೆಯ ರೈಲಿಯನ್ನು ಅಲ್ಲಿಗೆ ಕಳಿಸಲು ಬ್ಲಿಸ್‌ನಿಂದ ಮುಂಗಡ ಹಣ ಪಡೆದ. ರೈಲಿ ನೋಡಿಬಂದು ಎಲ್ಲ ಹೇಳಬೇಕು, ಟ್ವೇನ್ ತಾನೇ ಹೋಗಿಬಂದವನಂತೆ ಬರೆಯಬೇಕು. ರೈಲಿ ಹೋಗಿಬಂದ. ಟ್ವೇನನಿಗೆ ಕೂತು ಕೇಳಲು ಪುರಸೊತ್ತಾಗಲಿಲ್ಲ. 1872ರಲ್ಲಿ ರೈಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಪುಸ್ತಕ ಬರಲೇ ಇಲ್ಲ.

ಅಣ್ಣ ಎಬ್ಬಿಸಿದ ಅನುಮಾನ

ಎರಡನೆಯ ದೊಡ್ಡ ಪುಸ್ತಕ ‘ರಫಿಂಗ್ ಇಟ್’ಗೆ ಟ್ವೇನ್ ಲಾಭದ ಅರ್ಧ ಪಾಲು ಬೇಕೆಂದ. ಏಳೂವರೆ ಶೇಕಡ ರಾಯಲ್ಟಿ ಎಂದರೆ ಅರ್ಧ ಲಾಭಕ್ಕೆ ಸಮವೇ ಎಂದು ಬ್ಲಿಸ್ ಅವನನ್ನು ಒಪ್ಪಿಸಿದ. ಇದು ಟ್ವೇನ್ ಜೀವನವಿಡೀ ಹೇಳಿಕೊಂಡು ಬಂದ ಮಾತು. ಆಗ ಅವನ ಅಣ್ಣ ಒರಾಯನ್ ಬ್ಲಿಸ್ ಹೊರಡಿಸುತ್ತಿದ್ದ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ. ಒರಾಯನ್ ಒಳ್ಳೆಯವನು, ಯಾವ ಕೆಲಸದಲ್ಲೂ ನೆಲೆ ನಿಲ್ಲದವನು, ಬದುಕಿನುದ್ದಕ್ಕೂ ತಮ್ಮನ ಹಣದಲ್ಲಿ ನಡೆದವನು. ಕಾಗದ, ಮುದ್ರಣ, ರಟ್ಟಿನ ಖರ್ಚನ್ನು ಕಂಪನಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತಿದೆ ಎಂದು ಒಳಗಿದ್ದುಕೊಂಡೇ ಲೆಕ್ಕ ಹಾಕಿ ತಮ್ಮನಿಗೆ ಹೇಳಿದ. ಅವನ ಕೆಲಸ ಹೋಯಿತು. ತಮ್ಮ ವಕೀಲರ ಮಾತು ಕೇಳಿ ದಾವೆ ಹೂಡದೆ ಸುಮ್ಮನಾದ.

1880ರಲ್ಲಿ ‘ಎ ಟ್ರ್ಯಾಂಪ್ ಅಬ್ರಾಡ್’ಗೆ ಕೊನೆಗೂ ನಿಜವಾದ ಅರ್ಧ ಲಾಭದ ಒಪ್ಪಂದವಾಯಿತು. ಅದೇ ಸೆಪ್ಟೆಂಬರಿನಲ್ಲಿ ಬ್ಲಿಸ್ ತೀರಿಕೊಂಡ. ಲೆಕ್ಕಪತ್ರ ಕೈಗೆ ಬಂದಾಗ, ಹಿಂದಿನ ಪುಸ್ತಕಗಳಿಗೆಲ್ಲ ಇದೇ ದರ ಸಿಕ್ಕಿದ್ದರೆ ಎಷ್ಟಾಗುತ್ತಿತ್ತು ಎಂದು ಟ್ವೇನ್ ಎಣಿಸಿದ. ಅಕ್ಟೋಬರ್ 24ರಂದು ಒರಾಯನ್‌ಗೆ ಬರೆದ ಕಾಗದದಲ್ಲಿ ತನಗಾದ ನಷ್ಟ ಸುಮಾರು 60 ಸಾವಿರ ಡಾಲರ್ ಎನ್ನುತ್ತಾನೆ. ಅದೇ ಕಾಗದದಲ್ಲಿ ಇನ್ನೊಂದು ಲೆಕ್ಕವೂ ಇದೆ. ಅಣ್ಣ ಅಂದು ಹುಟ್ಟಿಸಿದ ಅನುಮಾನದಿಂದಲೇ ಹೊಸ ಪುಸ್ತಕದಲ್ಲಿ 20 ಸಾವಿರದ ಜಾಗದಲ್ಲಿ 40 ಸಾವಿರ ಬರಲಿದೆ. ಹೆಚ್ಚಿಗೆ ಬಂದ 20 ಸಾವಿರವನ್ನು ಹೂಡಿದರೆ ತೆರಿಗೆ, ಖರ್ಚು ಕಳೆದು ತಿಂಗಳಿಗೆ 75 ಡಾಲರ್ ಹುಟ್ಟುತ್ತದೆ. ಇನ್ನು ಮುಂದೆ ಆ 75 ಡಾಲರ್ ಪ್ರತಿ ತಿಂಗಳೂ ನಿನಗೆ ಬರುವಂತೆ ಹೇಳುತ್ತೇನೆ.

ಟ್ವೇನನ ಸಾವಿರಾರು ಕಾಗದಗಳಲ್ಲಿ ಈ ಒಂದು ನನಗೆ ಬಹಳ ದೊಡ್ಡದು. ಅಣ್ಣನನ್ನು ಅವನು ಗೇಲಿ ಮಾಡಿದ್ದು ಕಡಿಮೆಯಿಲ್ಲ, ಗೆಳೆಯರಿಗೆ ಬರೆದ ಕಾಗದಗಳಲ್ಲಿ ಒರಾಯನ್ ನಗೆಯ ಸರಕು. ಇಲ್ಲಿ ಮಾತ್ರ, ಪ್ರಕಾಶಕನ ಮೇಲಿನ ಸಿಟ್ಟಿನ ನಡುವೆ, ಅಣ್ಣನಿಗೆ ಭಿಕ್ಷೆ ಕೊಟ್ಟಂತಾಗದ ಹಾಗೆ ಅದನ್ನು ಅವನು ದುಡಿದ ಹಣವೆಂದು ಕೊಡುವ ದಾರಿ ಹುಡುಕಿದ್ದಾನೆ. ವ್ಯವಹಾರದ ಕಾಗದಗಳನ್ನು ಒಣ ಸರಕೆಂದು ಬದಿಗಿಟ್ಟರೆ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಕಡೆ ಕಳ್ಳ ಮುದ್ರಕರ ಕಾಟ. ಇಂಗ್ಲೆಂಡ್ ಮತ್ತು ಅಮೆರಿಕದ ನಡುವೆ ಹಕ್ಕುಸ್ವಾಮ್ಯದ ಒಪ್ಪಂದ ಇರಲಿಲ್ಲ. ಲಂಡನ್ನಿನ ಜಾನ್ ಕ್ಯಾಮ್ಡೆನ್ ಹಾಟನ್ ಒಂದು ಕಾಸೂ ಕೊಡದೆ ಟ್ವೇನನ ಬರಹಗಳನ್ನು ಅಚ್ಚು ಹಾಕುತ್ತಿದ್ದ, ತನ್ನದನ್ನೂ ಸೇರಿಸುತ್ತಿದ್ದ. 1872ರಲ್ಲಿ ಟ್ವೇನ್ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಗೆ ಬಹಿರಂಗ ಪತ್ರ ಬರೆದು ಅವನನ್ನು ಜಾಲಾಡಿಸಿದ. ಮರುವರ್ಷ ಹಾಟನ್ ಸತ್ತ. ಅದೇ ಸಂಸ್ಥೆಯನ್ನು ವಹಿಸಿಕೊಂಡ ಆಂಡ್ರ್ಯೂ ಚಾಟೊ ಮುಂದೆ ಚಾಟೊ ಅಂಡ್ ವಿಂಡಸ್ ಹೆಸರಿನಲ್ಲಿ ಟ್ವೇನನ ನಂಬಿಕಸ್ಥ ಇಂಗ್ಲಿಷ್ ಪ್ರಕಾಶಕನಾದ. 1876ರಲ್ಲಿ ‘ಟಾಮ್ ಸಾಯರ್’ ಇಂಗ್ಲೆಂಡಿನಲ್ಲಿ ಜೂನ್ ತಿಂಗಳಲ್ಲೇ ಹೊರಬಂತು. ಬ್ಲಿಸ್‌ನ ಅಮೆರಿಕದ ಆವೃತ್ತಿ ಡಿಸೆಂಬರಿಗೆ ಹೋಯಿತು. ಅಷ್ಟರೊಳಗೆ ಟೊರಾಂಟೊದ ಬೆಲ್ಫರ್ಡ್ ಸಹೋದರರು ಇಂಗ್ಲಿಷ್ ಪ್ರತಿಯನ್ನು ನೋಡಿ ಅಗ್ಗದ ಪುಸ್ತಕ ಮಾಡಿ ಗಡಿಯಾಚೆಗೆ ಸುರಿದರು. ತನ್ನ ಹೆಸರಾಂತ ಪುಸ್ತಕವನ್ನು ಜನ ಓದುತ್ತಿದ್ದಾರೆ, ತನಗೆ ಏನೂ ಬರುತ್ತಿಲ್ಲ ಎಂಬ ಸಂಕಟ ಆ ನವೆಂಬರಿನಲ್ಲಿ ಲಂಡನ್ನಿನ ತನ್ನ ಪ್ರತಿನಿಧಿ ಮಾನ್‌ಕ್ಯೂರ್ ಕಾನ್ವೆಗೆ ಬರೆದ ಕಾಗದದಲ್ಲಿ ಇದೆ. ಈ ಪಾಠ ಕಲಿತೇ 1881ರಲ್ಲಿ ‘ದಿ ಪ್ರಿನ್ಸ್ ಅಂಡ್ ದಿ ಪಾಪರ್’ ಬರುವಾಗ ಕೆನಡಾದ ಹಕ್ಕು ಪಡೆಯಲೆಂದು ಮಾಂಟ್ರಿಯಲ್‌ಗೆ ಹೋಗಿ ಉಳಿದ.

ಬ್ಲಿಸ್ ನಂತರ ಬಾಸ್ಟನ್ನಿನ ಜೇಮ್ಸ್ ಆರ್. ಆಸ್‌ಗುಡ್. ಸಜ್ಜನ, ಸಾಹಿತ್ಯಬಲ್ಲವ. ಮನೆಮನೆ ಮಾರಾಟ ಅವನಿಗೆ ಗೊತ್ತಿರಲಿಲ್ಲ. ಮೂರು ಪುಸ್ತಕಗಳಲ್ಲಿ ಆ ನಂಟು ಮುಗಿಯಿತು.

ವೆಬ್‌ಸ್ಟರ್ ಎಂಬ ದುಡಿಮೆಗಾರ

ಚಾರ್ಲ್ಸ್ ವೆಬ್‌ಸ್ಟರ್ ಕೆಲಸಕ್ಕೆ ಸೇರಿದ್ದು 1881ರಲ್ಲಿ, ಪುಸ್ತಕಕ್ಕೆ ಅಲ್ಲ. ಟ್ವೇನ್ ‘ಕಯೊಲಟೈಪ್’ ಎಂಬ ಅಚ್ಚುಪಡಿಯ ವಿಧಾನಕ್ಕೆ ಹಣ ಹಾಕಿದ್ದ. ಅಲ್ಲಿ ಏನು ನಡೆಯುತ್ತಿದೆ ನೋಡು ಎಂದು ವೆಬ್‌ಸ್ಟರ್‌ನನ್ನು ಕರೆಸಿದ. ಅಲ್ಲಿ ನಡೆಯುತ್ತಿದ್ದದ್ದು ಮೋಸ ಎಂದು ವೆಬ್‌ಸ್ಟರ್ ಪತ್ತೆ ಹಚ್ಚಿದ. ಟ್ವೇನನಿಗೆ ಮೆಚ್ಚುಗೆಯಾಯಿತು, ಅಂದಿನಿಂದ ಎಲ್ಲ ಕೆಲಸವೂ ಅವನ ತಲೆಗೆ. ಮನೆಯ ದುರಸ್ತಿ, ಕಳ್ಳರ ಎಚ್ಚರಿಕೆಗಂಟೆ, ಪೇಟೆಂಟು, ಷೇರು, ಯಾರ ಮೇಲೋ ಹಾಕಬೇಕಾದ ಮೊಕದ್ದಮೆ: ದಿನಕ್ಕೊಂದು ಕಾಗದ, ಕೆಲವು ದಿನ ಎರಡು ಮೂರು. ಬೆಳಿಗ್ಗೆ ಕೊಟ್ಟ ಅಪ್ಪಣೆ ಸಂಜೆಯ ಕಾಗದದಲ್ಲಿ ರದ್ದು. ಓದುತ್ತ ಹೋದಂತೆ ಆ ಯುವಕನ ದಣಿವು ನಮ್ಮ ಮೈಗೇ ಬಂದಂತಾಗುತ್ತದೆ.

1884ರಲ್ಲಿ ಟ್ವೇನ್ ಇನ್ನಾರ ಹಂಗೂ ಬೇಡವೆಂದು ಸ್ವಂತ ಪ್ರಕಾಶನ ತೆರೆದ. ಹಣ ತನ್ನದು, ಹೆಸರು ಚಾರ್ಲ್ಸ್ ಎಲ್. ವೆಬ್‌ಸ್ಟರ್ ಅಂಡ್ ಕಂಪನಿ. ಮೊದಲ ಪುಸ್ತಕ ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’. ಒಂದು ಮಹಾಕೃತಿ ಅಚ್ಚಾಗಿ ಬರುವ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುವ ಕಾಗದಗಳು ಇವು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಚಿತ್ರ ಬರೆಯಲು ಟ್ವೇನ್ ಆರಿಸಿದ್ದು ಇ. ಡಬ್ಲ್ಯೂ. ಕೆಂಬಲ್ ಎಂಬ ಹೊಸ ಹುಡುಗನನ್ನು. ಮೊದಲ ಚಿತ್ರಗಳು ಬಂದಾಗ ಹಕ್‌ನ ಮುಖ, ಬಾಯಿ ಚೆನ್ನಾಗಿಲ್ಲ ಎಂದು ಟ್ವೇನ್ ಗೊಣಗಿದ. ಆ ಹುಡುಗನ ಮನಸ್ಸು ಒಳ್ಳೆಯದು, ಮುಖದಲ್ಲೂ ಅದು ಕಾಣಬೇಕು ಎಂಬುದು ಅವನ ಆಕ್ಷೇಪ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ವೆಬ್‌ಸ್ಟರ್ ಒಂದು ಸಲಹೆ ಕೊಟ್ಟ: ತೆಪ್ಪದವರ ಪ್ರಸಂಗವನ್ನು ಹಿಂದಿನ ವರ್ಷ ‘ಲೈಫ್ ಆನ್ ದಿ ಮಿಸಿಸಿಪ್ಪಿ’ಯಲ್ಲಿ ಹಾಕಿಯಾಗಿದೆ, ಇಲ್ಲಿ ಬಿಡಬಹುದಲ್ಲವೇ? ಬಿಡಬಹುದು ಎಂದು ಟ್ವೇನ್ ಏಪ್ರಿಲ್ 22ರಂದು ಉತ್ತರ ಬರೆದ. ಪುಸ್ತಕದ ಗಾತ್ರದ ಚಿಂತೆಯಿಂದ ಹುಟ್ಟಿದ ಈ ಒಂದು ತೀರ್ಮಾನದಿಂದ ನೂರು ವರ್ಷ ಓದುಗರು ಆ ಪುಟಗಳಿಲ್ಲದ ‘ಹಕ್ ಫಿನ್’ ಓದಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಪಾದಕರು ತಮ್ಮ ಆವೃತ್ತಿಯಲ್ಲಿ ಅದನ್ನು ಮತ್ತೆ ಸೇರಿಸಿದ್ದಾರೆ. ಸೇರಿಸಿದ್ದು ಸರಿಯೇ ಎಂದು ವಿದ್ವಾಂಸರಲ್ಲಿ ವಾದವಿದೆ. ವಾದಕ್ಕೆ ಆಧಾರ ಆ ಕಾಗದವೇ.

ಆರ್ಡರುಗಳು 40 ಸಾವಿರ ಮುಟ್ಟದೆ ಪುಸ್ತಕ ಬಿಡುಗಡೆಯೇ ಇಲ್ಲ, ಎಷ್ಟು ವರ್ಷವಾದರೂ ಕಾಯುತ್ತೇನೆ ಎಂದು ಟ್ವೇನ್ ಪಟ್ಟು ಹಿಡಿದ. 1884ರ ಚಳಿಗಾಲದಲ್ಲಿ ಅವನು ಲೇಖಕ ಜಾರ್ಜ್ ಡಬ್ಲ್ಯೂ. ಕೇಬಲ್ ಜೊತೆ ಊರೂರು ಸುತ್ತಿ ಭಾಷಣ ಮಾಡುತ್ತಿದ್ದ. ಮುದ್ರಣಾಲಯದ ಜಗಳ, ರಟ್ಟಿನವರ ತಡ, ಏಜೆಂಟರ ದೂರು ಎಲ್ಲ ವೆಬ್‌ಸ್ಟರ್ ಪಾಲಿಗೆ. ನವೆಂಬರಿನಲ್ಲಿ ಭಾರಿ ಆಘಾತ. ಯಾರೋ ಕಿಡಿಗೇಡಿ ಒಂದು ಚಿತ್ರದ ಅಚ್ಚುಪಡಿಯನ್ನು ಕೆತ್ತಿ ಅಶ್ಲೀಲ ಮಾಡಿಬಿಟ್ಟಿದ್ದ. ಅಚ್ಚಾದ ಸಾವಿರಾರು ಪ್ರತಿಗಳಿಂದ ಆ ಹಾಳೆಯನ್ನು ಕತ್ತರಿಸಿ ಹೊಸದನ್ನು ಅಂಟಿಸಬೇಕಾಯಿತು. ತಪ್ಪಿತಸ್ಥನನ್ನು ಹಿಡಿದುಕೊಟ್ಟವರಿಗೆ 500 ಡಾಲರ್ ಎಂದು ವೆಬ್‌ಸ್ಟರ್ ಸಾರಿದ, ಯಾರೂ ಸಿಗಲಿಲ್ಲ. ಕ್ರಿಸ್‌ಮಸ್ ವ್ಯಾಪಾರ ಕೈತಪ್ಪಿತು. ಅಮೆರಿಕದಲ್ಲಿ ಪುಸ್ತಕ ಹೊರಬಂದದ್ದು 1885ರ ಫೆಬ್ರವರಿ 18ರಂದು. ಮುಂದಿನ ತಿಂಗಳು ಕಾಂಕರ್ಡ್ ಊರಿನ ಗ್ರಂಥಾಲಯ ಇದು ಮಕ್ಕಳಿಗೆ ತಕ್ಕದ್ದಲ್ಲವೆಂದು ಹೊರಗಿಟ್ಟಾಗ ಟ್ವೇನ್ ವೆಬ್‌ಸ್ಟರ್‌ಗೆ ಸಂತೋಷದಿಂದ ಬರೆದ: ಇದರಿಂದ ಇನ್ನೂ 25 ಸಾವಿರ ಪ್ರತಿ ಖಂಡಿತ ಹೋಗುತ್ತದೆ.

ಅದೇ ಹೊತ್ತಿಗೆ ಮಾಜಿ ಅಧ್ಯಕ್ಷ ಯೂಲಿಸಿಸ್ ಗ್ರಾಂಟ್‌ರ ಆತ್ಮಕಥೆ ಇವರ ಕೈಗೆ ಬಂತು. ಗ್ರಾಂಟ್ ಹಣಕಾಸಿನ ಮೋಸಕ್ಕೆ ಸಿಕ್ಕಿ ದಿವಾಳಿಯಾಗಿದ್ದರು, ಗಂಟಲಿನಲ್ಲಿ ಕ್ಯಾನ್ಸರ್. ‘ಸೆಂಚುರಿ’ ಸಂಸ್ಥೆ 10 ಶೇಕಡ ರಾಯಲ್ಟಿ ಅಂದಿತ್ತು. ಟ್ವೇನ್ ನಿವ್ವಳ ಲಾಭದ 70 ಶೇಕಡ ಕೊಡುತ್ತೇನೆಂದ. 1885ರ ಜುಲೈ 23ರಂದು, ಬರವಣಿಗೆ ಮುಗಿಸಿದ ಕೆಲವೇ ದಿನಗಳಲ್ಲಿ, ಗ್ರಾಂಟ್ ತೀರಿಕೊಂಡರು. ಅವರ ಕೈಕೆಳಗೆ ಕಾದಾಡಿದ್ದ ಸೈನಿಕರೇ ಮನೆಮನೆಗೆ ಹೋಗಿ ಆರ್ಡರು ಹಿಡಿದರು. ಎರಡು ಸಂಪುಟಗಳ 3 ಲಕ್ಷಕ್ಕೂ ಹೆಚ್ಚು ಸೆಟ್ಟುಗಳು ಮಾರಾಟವಾದವು. 1886ರ ಫೆಬ್ರವರಿಯಲ್ಲಿ ಗ್ರಾಂಟ್‌ರ ಹೆಂಡತಿ ಜೂಲಿಯಾಗೆ ಕೊಟ್ಟ ಮೊದಲ ಚೆಕ್ಕು 2 ಲಕ್ಷ ಡಾಲರಿನದು. ಇಷ್ಟು ದೊಡ್ಡ ಕೆಲಸವನ್ನು ಮುದ್ರಣದಿಂದ ವಿತರಣೆಯವರೆಗೆ ಹೊತ್ತವನು 34 ವರ್ಷದ ವೆಬ್‌ಸ್ಟರ್. ಆ ದಿನಗಳ ಟ್ವೇನನ ಕಾಗದಗಳಲ್ಲಿ ಮೆಚ್ಚುಗೆಯಿದೆ, ವಾತ್ಸಲ್ಯವಿದೆ. ಇಪ್ಪತ್ತು ವರ್ಷದ ನಂತರ ಹೇಳಿ ಬರೆಸಿದ್ದರಲ್ಲಿ ಅವು ಯಾವುವೂ ಇಲ್ಲ.

ಹಣ ಹೋದ ದಾರಿ

ಸಂಸ್ಥೆ ಕುಸಿದದ್ದಕ್ಕೆ ವೆಬ್‌ಸ್ಟರ್‌ನ ಪಾಲೇ ಇಲ್ಲವೆಂದರೆ ಅದೂ ಸುಳ್ಳಾದೀತು. ಗ್ರಾಂಟ್ ಪುಸ್ತಕದ ಗೆಲುವು ಅವನ ತಲೆಗೇರಿತು. ಮುಂದೆ ಹಿಡಿದ ಪುಸ್ತಕಗಳೆಲ್ಲ ಸೇನಾಪತಿಗಳ ನೆನಪುಗಳು, ದೊಡ್ಡವರ ಜೀವನಚರಿತ್ರೆಗಳು. ಪ್ರವಚನಕಾರ ಹೆನ್ರಿ ವಾರ್ಡ್ ಬೀಚರ್ ಮುಂಗಡ ಪಡೆದು ಪುಸ್ತಕ ಮುಗಿಸದೆ 1887ರಲ್ಲಿ ಸತ್ತ. ಅದೇ ವರ್ಷ ಸಂಸ್ಥೆಯ ಖಜಾಂಚಿ ಸುಮಾರು 25 ಸಾವಿರ ಡಾಲರ್ ಲಪಟಾಯಿಸಿದ್ದು ಹೊರಬಿತ್ತು. ಲೆಕ್ಕ ನೋಡಬೇಕಾಗಿದ್ದ ವೆಬ್‌ಸ್ಟರ್ ನೋಡಿರಲಿಲ್ಲ.

ಪೋಪ್ ಹದಿಮೂರನೆಯ ಲಿಯೊ ಜೀವನಚರಿತ್ರೆಯ ಕಥೆ ಬೇರೆ. ವೆಬ್‌ಸ್ಟರ್ ರೋಮಿಗೆ ಹೋಗಿ ಪೋಪರ ದರ್ಶನ ಮಾಡಿ, ಅವರಿಂದ ಪದವಿ ಪಡೆದು ಬಂದ. ಮುಂದೆ ಟ್ವೇನ್ ಇದನ್ನೇ ಎತ್ತಿ ಲೇವಡಿ ಮಾಡಿದ. ಆದರೆ ಜಗತ್ತಿನ ಪ್ರತಿಯೊಬ್ಬ ಕ್ಯಾಥೊಲಿಕನೂ ಈ ಪುಸ್ತಕ ಕೊಳ್ಳಲೇಬೇಕು ಎಂದು ಕನಸು ಕಂಡವರಲ್ಲಿ ಟ್ವೇನನೇ ಮೊದಲಿಗ. ಅವನ ಗೆಳೆಯ, ಕಾದಂಬರಿಕಾರ ವಿಲಿಯಂ ಡೀನ್ ಹೊವೆಲ್ಸ್ ಆ ಉತ್ಸಾಹವನ್ನು ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. ಕೊಳ್ಳುವ ಬಡ ಕ್ಯಾಥೊಲಿಕರಲ್ಲಿ ಎಷ್ಟೋ ಮಂದಿಗೆ ಓದಲೇ ಬರುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ ಎಂದೂ ಹೇಳುತ್ತಾನೆ.

ನಿಜವಾದ ಹೊಡೆತ ಬಿದ್ದದ್ದು ಎರಡು ಕಡೆಯಿಂದ. ಒಂದು, ‘ಲೈಬ್ರರಿ ಆಫ್ ಅಮೆರಿಕನ್ ಲಿಟರೇಚರ್’ ಎಂಬ 11 ಸಂಪುಟಗಳ ಸಂಕಲನ. ಅದನ್ನು ಕಂತಿನ ಮೇಲೆ ಮಾರುತ್ತಿದ್ದರು. ಏಜೆಂಟನ ಕಮಿಷನ್ನು, ಮುದ್ರಣ, ರಟ್ಟು ಇವಕ್ಕೆಲ್ಲ ಮೊದಲೇ ಹಣ ಕೊಡಬೇಕು; ಗಿರಾಕಿಯ ಹಣ ತಿಂಗಳು ತಿಂಗಳು ತೊಟ್ಟಿಕ್ಕಬೇಕು. ಮಾರಾಟ ಹೆಚ್ಚಿದಷ್ಟೂ ಕೈಯಿಂದ ಹೋಗುವ ಹಣ ಹೆಚ್ಚು, ಅದಕ್ಕೆ ಬ್ಯಾಂಕಿನ ಸಾಲ. ಇನ್ನೊಂದು, ಜೇಮ್ಸ್ ಪೇಜ್ ಎಂಬಾತನ ಮೊಳೆ ಜೋಡಿಸುವ ಯಂತ್ರ. 18 ಸಾವಿರ ಬಿಡಿಭಾಗಗಳಿದ್ದ ಆ ಯಂತ್ರ ಮನುಷ್ಯನಂತೆ ಮೊಳೆ ಆರಿಸಿ, ಸಾಲು ಹೊಂದಿಸಿ, ಮತ್ತೆ ಅವನ್ನು ಜಾಗಕ್ಕೆ ಸೇರಿಸುತ್ತಿತ್ತು. ನಡೆದಾಗ ಅದ್ಭುತ. ಬಹುಕಾಲ ನಡೆಯುತ್ತಿರಲಿಲ್ಲ. ಹುಡುಗನಾಗಿ ಕೈಯಿಂದ ಒಂದೊಂದೇ ಮೊಳೆ ಜೋಡಿಸಿದ ಟ್ವೇನ್ ಅದರ ಮುಂದೆ ಮಂತ್ರಮುಗ್ಧನಾಗಿ ನಿಂತದ್ದು ನನಗೆ ಅರ್ಥವಾಗುತ್ತದೆ. ಒಂದು ಹಂತದಲ್ಲಿ ತಿಂಗಳಿಗೆ 3,000 ಡಾಲರ್ ಅದಕ್ಕೆ ಹೋಗುತ್ತಿತ್ತು. ಒಟ್ಟು ಒಂದೂವರೆ ಲಕ್ಷಕ್ಕೂ ಹೆಚ್ಚು ಕರಗಿತು. ಅಷ್ಟರಲ್ಲಿ ಮೆರ್ಗೆಂಥೇಲರ್‌ನ ಲೈನೊಟೈಪ್ ಎಂಬ ಪೈಪೋಟಿಯ ಯಂತ್ರ ಪತ್ರಿಕೆಗಳ ಮನೆ ಹೊಕ್ಕಾಗಿತ್ತು. ಸಂಸ್ಥೆಗೆ ಬಂಡವಾಳ ಬೇಕಿದ್ದ ವರ್ಷಗಳಲ್ಲೇ ಮಾಲೀಕನ ಹಣ ಯಂತ್ರದ ಹೊಟ್ಟೆ ಸೇರುತ್ತಿತ್ತು. ಈ ತೀರ್ಮಾನದಲ್ಲಿ ವೆಬ್‌ಸ್ಟರ್‌ನ ಕೈಯಿರಲಿಲ್ಲ.

ನರಶೂಲೆಯಿಂದ ನರಳುತ್ತಿದ್ದ ವೆಬ್‌ಸ್ಟರ್ 1888ರಲ್ಲಿ ಹೊರಬಂದ. ಅವನ ಜಾಗಕ್ಕೆ ಫ್ರೆಡ್ ಹಾಲ್ ಬಂದ. 1891ರಿಂದ ಟ್ವೇನ್ ಖರ್ಚು ಕಡಿಮೆಯಾಗಲೆಂದು ಸಂಸಾರ ಸಮೇತ ಯುರೋಪಿನಲ್ಲಿದ್ದ. ಅಲ್ಲಿಂದ ಹಾಲ್‌ಗೆ ಬರೆದ ಕಾಗದಗಳಲ್ಲಿ ಹಾಸ್ಯ ಬತ್ತುತ್ತ ಹೋಗುತ್ತದೆ. 1893ರ ಜೂನ್ 2ರ ಕಾಗದದಲ್ಲಿ ವ್ಯಾಪಾರ ಸಾಕಾಗಿದೆ, ಹುಟ್ಟಿನಿಂದಲೇ ನಾನು ಅದಕ್ಕೆ ಹೊಂದುವವನಲ್ಲ, ಇದರಿಂದ ಬಿಡಿಸು ಎಂದು ಬೇಡಿಕೊಳ್ಳುತ್ತಾನೆ. ಆ ವರ್ಷ ಅಮೆರಿಕದ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದವು. 1894ರ ಏಪ್ರಿಲ್ 18ರಂದು ಸಂಸ್ಥೆ ದಿವಾಳಿ ಘೋಷಿಸಿತು.

ಉಳಿಸಿದವನು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹೆನ್ರಿ ರೋಜರ್ಸ್. ವ್ಯಾಪಾರದಲ್ಲಿ ನಿರ್ದಯಿ ಎಂದು ಹೆಸರಾಗಿದ್ದವನು ಟ್ವೇನನಿಗಾಗಿ ಸಂಬಳವಿಲ್ಲದೆ ದುಡಿದ. ಸಂಸ್ಥೆಗೆ ತನ್ನ ಸ್ವಂತ ಹಣವನ್ನು ಸಾಲವಾಗಿ ಕೊಟ್ಟಿದ್ದ ಹೆಂಡತಿ ಒಲಿವಿಯಾಳನ್ನೇ ಮುಖ್ಯ ಸಾಲದಾತೆಯೆಂದು ತೋರಿಸಿ, ಪುಸ್ತಕಗಳ ಹಕ್ಕುಗಳನ್ನು ಅವಳ ಹೆಸರಿಗೆ ಬರೆಸಿದ. ಮುಂದಿನ ಬದುಕಿಗೆ ಆ ಹಕ್ಕುಗಳೇ ಆಧಾರವಾದವು. ಡಾಲರಿಗೆ 50 ಸೆಂಟ್ ಕೊಟ್ಟರೂ ಸಾಲ ಕೊಟ್ಟವರಲ್ಲಿ ಹೆಚ್ಚಿನವರು ಒಪ್ಪುತ್ತಿದ್ದರು. ಪೂರ್ತಿ ಕೊಡಲೇಬೇಕೆಂದು ಒಲಿವಿಯಾ ಪಟ್ಟು ಹಿಡಿದಳು. ಅದಕ್ಕಾಗಿಯೇ ಟ್ವೇನ್ ತನ್ನ 59ನೆಯ ವಯಸ್ಸಿನಲ್ಲಿ ಪ್ರಪಂಚ ಸುತ್ತಿ ಭಾಷಣ ಮಾಡಲು ಹೊರಟ.

ಹಾಗೆ ಅವನು ಭಾರತಕ್ಕೂ ಬಂದ. 1896ರ ಜನವರಿಯಲ್ಲಿ ಮುಂಬಯಿ. ಇಳಿದ ಕೂಡಲೇ ಕೆಮ್ಮು ಹಿಡಿದು ವಾಟ್ಸನ್ ಹೋಟೆಲಿನಲ್ಲಿ ಮಲಗಿದ. ಆಮೇಲೆ ಪುಣೆ, ಬರೋಡಾ, ಅಲಹಾಬಾದ್, ಕಾಶಿ, ಕಲ್ಕತ್ತಾ, ಡಾರ್ಜಿಲಿಂಗ್, ಲಾಹೋರ್, ರಾವಲ್ಪಿಂಡಿ. ದಕ್ಷಿಣದಲ್ಲಿ ಹಡಗು ಮದ್ರಾಸಿನಲ್ಲಿ ನಿಂತದ್ದು ಬಿಟ್ಟರೆ ನಮ್ಮ ಕಡೆ ಅವನು ಬರಲಿಲ್ಲ. ಭಾಷಣದಿಂದ ಬಂದ ಹಣ ರೋಜರ್ಸ್ ಕೈ ಸೇರುತ್ತಿತ್ತು. ಪ್ರವಾಸ ಮುಗಿದು ಇಂಗ್ಲೆಂಡಿನಲ್ಲಿದ್ದಾಗ, ಆಗಸ್ಟ್ 18ರಂದು, ಹಿರಿಯ ಮಗಳು ಸೂಸಿ ಹಾರ್ಟ್‌ಫರ್ಡಿನಲ್ಲಿ ಮಿದುಳಿನ ಜ್ವರದಿಂದ ತೀರಿಕೊಂಡಳು. ಆ ದುಃಖದಲ್ಲೇ ಕೂತು ಪ್ರವಾಸದ ಪುಸ್ತಕ ಬರೆದ. 1897ರಲ್ಲಿ ‘ಫಾಲೋಯಿಂಗ್ ದಿ ಇಕ್ವೇಟರ್’ ಎಂದು ಅದನ್ನು ಪ್ರಕಟಿಸಿದ್ದು ಅಮೆರಿಕನ್ ಪಬ್ಲಿಷಿಂಗ್ ಕಂಪನಿ. ಅದರ ಯಜಮಾನ ಆಗ ಎಲೈಷಾ ಬ್ಲಿಸ್‌ನ ಮಗ ಫ್ರ್ಯಾಂಕ್. 1898ರ ಆರಂಭದಲ್ಲಿ ಸಾಲ ಪೂರ್ತಿ ತೀರಿತು. 1903ರಲ್ಲಿ ಹಾರ್ಪರ್ ಸಂಸ್ಥೆ ವರ್ಷಕ್ಕೆ 25 ಸಾವಿರ ಡಾಲರಿನ ಖಾತರಿ ಕೊಟ್ಟು ಎಲ್ಲ ಪುಸ್ತಕಗಳನ್ನೂ ತನ್ನಲ್ಲಿಗೆ ತಂದುಕೊಂಡಿತು.

ಕಾಗದಗಳು ಉಳಿದ ಬಗೆ

ಟ್ವೇನ್ ತನಗೆ ಬಂದ ಕಾಗದಗಳನ್ನು ಎಸೆಯುತ್ತಿರಲಿಲ್ಲ. ಸಿಟ್ಟಿನಲ್ಲಿ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡವೂ ಉಳಿದಿವೆ. ಅವನ್ನು ಬರೆದೇ ಸಿಟ್ಟು ಇಳಿಸಿಕೊಳ್ಳುತ್ತಿದ್ದ. 1910ರಲ್ಲಿ ಅವನು ತೀರಿದ ಮೇಲೆ ಜೀವನಚರಿತ್ರೆಕಾರ ಆಲ್ಬರ್ಟ್ ಬಿಗೆಲೊ ಪೇನ್ 1917ರಲ್ಲಿ ಎರಡು ಸಂಪುಟ ಪತ್ರಗಳನ್ನು ಹೊರತಂದ. ಪೇನ್‌ಗೆ ಗುರುವಿನ ಮೇಲೆ ಭಕ್ತಿ. ಮುಜುಗರ ತರುವ ಸಾಲುಗಳನ್ನು ಕತ್ತರಿಸಿದ. ಮನೆಯಲ್ಲಿದ್ದ ದಾಖಲೆಗಳು 1949ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದವು, ಮಗಳು ಕ್ಲಾರಾಳ ಉಯಿಲಿನಿಂದ ಅಲ್ಲೇ ನೆಲೆಯಾದವು. ಪ್ರಕಾಶಕರಿಗೆ ಬರೆದ ಕಾಗದಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ಹುಡುಕಿ ಹ್ಯಾಮ್ಲಿನ್ ಹಿಲ್ 1967ರಲ್ಲಿ ಒಂದು ಸಂಪುಟ ಮಾಡಿದ. 1969ರಲ್ಲಿ ರೋಜರ್ಸ್ ಜೊತೆಗಿನ ಪತ್ರವ್ಯವಹಾರ ಲೂಯಿಸ್ ಲಿಯರಿಯ ಸಂಪಾದನೆಯಲ್ಲಿ ಬಂತು.

ವೆಬ್‌ಸ್ಟರ್ ಮನೆತನದ ಕಾಗದಗಳು ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜಿನಲ್ಲಿವೆ. ವೆಬ್‌ಸ್ಟರ್‌ನ ಮಗಳು ಜೀನ್ ಓದಿದ್ದು ಅಲ್ಲಿ. ಅಪ್ಪ ಸತ್ತಾಗ ಅವಳಿನ್ನೂ ಹದಿನೈದರ ಆಸುಪಾಸಿನ ಹುಡುಗಿ. 1912ರಲ್ಲಿ ಜೀನ್ ವೆಬ್‌ಸ್ಟರ್ ಬರೆದ ‘ಡ್ಯಾಡಿ ಲಾಂಗ್ ಲೆಗ್ಸ್’ ಇಂದಿಗೂ ಓದುಗರಿರುವ ಕಾದಂಬರಿ. ಅನಾಥ ಹುಡುಗಿಯೊಬ್ಬಳು ತನ್ನ ಓದಿಗೆ ಹಣ ಕೊಡುವ, ತಾನು ಕಾಣದ ದೊಡ್ಡ ಮನುಷ್ಯನಿಗೆ ಬರೆಯುತ್ತ ಹೋಗುವ ಕಾಗದಗಳೇ ಅದರ ಬಹುಪಾಲು ಕಥೆ. ಅವಳು ಟ್ವೇನನ ಅಕ್ಕನ ಮೊಮ್ಮಗಳೆಂಬುದು ಅನೇಕರಿಗೆ ಗೊತ್ತಿಲ್ಲ.

ಟ್ವೇನ್ 1906ರಲ್ಲಿ ಹೇಳಿ ಬರೆಸಿದ ಆತ್ಮಕಥೆ ಪೂರ್ತಿಯಾಗಿ ಅಚ್ಚಾದದ್ದು 2010ರಿಂದ 2015ರೊಳಗೆ, ಮೂರು ಸಂಪುಟಗಳಲ್ಲಿ. ವೆಬ್‌ಸ್ಟರ್‌ನ ಮೇಲಿನ ಮಾತುಗಳೂ ಅದರಲ್ಲಿ ಬಂದಿವೆ, ಬರಬೇಕಾದದ್ದೇ. ಬರ್ಕ್ಲಿಯ ಸಂಪಾದಕರು ಮೆಚ್ಚಬೇಕಾದ ಕೆಲಸವನ್ನು ಮಾಡಿದ್ದಾರೆ: ವೃದ್ಧನ ಮಾತು ದಾಖಲೆಗೆ ಹೊಂದದ ಕಡೆಯಲ್ಲೆಲ್ಲ ಟಿಪ್ಪಣಿಯಲ್ಲಿ ಆ ಕಾಲದ ಕಾಗದ, ಒಪ್ಪಂದ, ಲೆಕ್ಕಗಳನ್ನು ತಂದು ಎದುರಿಗಿಟ್ಟಿದ್ದಾರೆ. ಅವನ ಪತ್ರಗಳ ಅಚ್ಚಾದ ವಿದ್ವತ್ ಸಂಪುಟಗಳು ಆರು. 1988ರಿಂದ 2002ರವರೆಗೆ ಬಂದ ಅವು 1875ಕ್ಕೆ ನಿಲ್ಲುತ್ತವೆ. ಟ್ವೇನ್ ಬರೆದದ್ದು ಈವರೆಗೆ ಸಿಕ್ಕಿರುವುದೇ 10 ಸಾವಿರಕ್ಕೂ ಹೆಚ್ಚು, ಹೊಸವು ಈಗಲೂ ಸಿಗುತ್ತಿವೆ. ಎಲ್ಲವನ್ನೂ ಪುಸ್ತಕವಾಗಿ ತರುವುದು ಆಗದ ಮಾತು. 1876ರಿಂದ ಮುಂದಿನವನ್ನು, ವೆಬ್‌ಸ್ಟರ್‌ಗೆ ಬರೆದವೂ ಸೇರಿದಂತೆ, ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಹಾಕುತ್ತ ಬಂದಿದೆ. ಓದಲು ಹಣ ಕೊಡಬೇಕಾಗಿಲ್ಲ. ಮೊದಲ ಬಾರಿಗೆ ಓದುವವರು 1884ರ ಏಪ್ರಿಲ್‌ನಿಂದ ಶುರುಮಾಡಲಿ ಎಂಬುದು ನನ್ನ ಸಲಹೆ. ‘ಹಕ್ ಫಿನ್’ ರೂಪುಗೊಳ್ಳುವುದು ಕಾಣುತ್ತದೆ, ಅದರ ಹಿಂದೆ ದುಡಿದವನೂ ಕಾಣುತ್ತಾನೆ.